ಮಂಗಳೂರಿನ ಡಿ.ಸಿ.ಎಂ. ಶಾಲೆಗಳು ಹುಟ್ಟಿದ ಬಗೆ

(ಉಪನ್ಯಾಸದ ಬರಹ ರೂಪ)

ಸಭಿಕರಿಗೆ ನಮಸ್ಕಾರ.

ಶಿಕ್ಷಣ ಸಂಸ್ಥೆಯೊಂದರ ಚರಿತ್ರೆಯನ್ನು ಹೇಳಹೊರಟವರು ಸ್ಥಾಪನೆಯ ವರ್ಷ, ಸ್ಥಾಪಕರ ಹೆಸರು, ಮೊದಲ ಕಟ್ಟಡ ಎದ್ದ ಜಾಗ ಇಷ್ಟನ್ನು ಮೊದಲು ಹೇಳಿ ಮುಂದುವರಿಯುವುದು ರೂಢಿ. ಆ ರೂಢಿಯಂತೆ ಹೋದರೆ ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಶನ್, ಅಂದರೆ ಊರಿನವರ ಬಾಯಲ್ಲಿ ಡಿ.ಸಿ.ಎಂ. ಎಂದೇ ಉಳಿದ ಸಂಸ್ಥೆಯ ಕತೆ ಎರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವದ ಬಳಿಯ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು; 1897ರಲ್ಲಿ ಆ ಕೆಲಸ ಒಂದು ಸಂಸ್ಥೆಯ ರೂಪ ಪಡೆಯಿತು. ಈ ಎರಡು ವರ್ಷಗಳನ್ನು ನಾವೆಲ್ಲ ಬಲ್ಲೆವು. ನಾನು ಇಂದು ಹೇಳಬೇಕೆಂದಿರುವುದು ಅವುಗಳ ನಡುವೆ ಮತ್ತು ಅವುಗಳ ನಂತರ ನಡೆದದ್ದನ್ನು. ಏಕೆಂದರೆ ಈ ಶಾಲೆ ಒಂದು ದಿನ, ಒಂದು ಸಭೆಯಲ್ಲಿ, ಒಂದು ನಿರ್ಣಯದಿಂದ ಸ್ಥಾಪನೆಯಾದದ್ದಲ್ಲ. ಮಕ್ಕಳು ಶಾಲೆಗೆ ಬಾರದಿರಲು ಇದ್ದ ಕಾರಣಗಳು ಒಂದೊಂದಾಗಿ ಕಣ್ಣಿಗೆ ಬಿದ್ದಂತೆ, ಒಂದೊಂದು ಕಾರಣಕ್ಕೂ ಉತ್ತರವಾಗಿ ಅದರ ಒಂದೊಂದು ಭಾಗ ಹುಟ್ಟುತ್ತ ಬಂತು. ಆದ್ದರಿಂದ ಈ ಚರಿತ್ರೆಯನ್ನು ಕಟ್ಟಿದವರ ಕಡೆಯಿಂದ ನೋಡುವಷ್ಟೇ ಗಮನವಿಟ್ಟು ಬಾರದೆ ಉಳಿದ ಮಗುವಿನ ಕಡೆಯಿಂದಲೂ ನೋಡಬೇಕಾಗುತ್ತದೆ.

ಆ ಕಾಲದ ಕಾನೂನು ಏನು ಹೇಳುತ್ತಿತ್ತು ಎಂಬುದನ್ನು ಮೊದಲು ಗಮನಿಸೋಣ. 1856ರ ಜೂನ್ ತಿಂಗಳಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ, ಮಹಾರ್ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿಕೊಂಡ. ಅವನನ್ನು ಸೇರಿಸಿಕೊಳ್ಳಲಿಲ್ಲ. ಒಬ್ಬ ಹುಡುಗನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟುಹೋಗುವಂತೆ ಆಗಬಾರದು ಎಂಬ ಧಾಟಿಯಲ್ಲಿ ಮುಂಬಯಿ ಸರ್ಕಾರ ಅವನ ಅರ್ಜಿಯನ್ನು ತಳ್ಳಿಹಾಕಿತು. ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲಿ 1858ರಲ್ಲಿ ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಬರೆಯಿತು. ದೇಶದ ಶಿಕ್ಷಣವನ್ನು ಪರಿಶೀಲಿಸಿದ 1882ರ ಹಂಟರ್ ಆಯೋಗವೂ ಅದೇ ತತ್ವವನ್ನು ಎತ್ತಿಹಿಡಿಯಿತಾದರೂ, ಜಗಳ ಏಳುವ ಕಡೆಗಳಲ್ಲಿ ಪ್ರತ್ಯೇಕ ಶಾಲೆಗಳನ್ನು ತೆರೆಯುವುದು ಮೇಲು ಎಂದಿತು. ಅಂದರೆ ಬಾಗಿಲು ತೆರೆದಿದೆ ಎಂಬ ಮಾತು ಕಾಗದದ ಮೇಲೆ 1858ರಿಂದಲೂ ಇತ್ತು. ಆ ಮಾತು ಧಾರವಾಡದ ಶಾಲೆಯ ಜಗಲಿಯವರೆಗೂ ಬರಲಿಲ್ಲ, ಮಂಗಳೂರಿನ ಶಾಲೆಯ ಜಗಲಿಯವರೆಗೂ ಬರಲಿಲ್ಲ.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಅಲ್ಲಿ ಶಿಕ್ಷಣದ ವಿಷಯದಲ್ಲಿ ಹಿಂದುಳಿದ ಪಟ್ಟಣವೆಂದು ಮಂಗಳೂರನ್ನು ಯಾರೂ ಕರೆಯುವಂತಿರಲಿಲ್ಲ. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ ಶಾಲೆಗಳನ್ನೂ ಮುದ್ರಣಾಲಯವನ್ನೂ ನೇಯ್ಗೆಯ ಕಾರ್ಖಾನೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇಲ್ಲಿಂದಲೇ ಹೊರಟಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ಸ್ಥಾಪಿಸಿ, ಕೆಲವೇ ವರ್ಷಗಳಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು. ಚಿಲಿಂಬಿಯ ಶಾಲೆ ಹುಟ್ಟಿದ್ದು ಇದಾದ ಮರುವರ್ಷ. ಇವುಗಳಲ್ಲಿ ಯಾವುದನ್ನೂ ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಇವುಗಳ ಋಣ ಇಡೀ ಕರಾವಳಿಯ ಮೇಲಿದೆ. ಆದರೆ ಇವುಗಳಿಗೆಲ್ಲ ಬೆನ್ನಿಗೆ ಒಂದು ಸಭೆಯೋ ಸಮುದಾಯವೋ ಇತ್ತು, ಚಂದಾ ಕೊಡುವ ಕೈಗಳಿದ್ದವು, ಮಕ್ಕಳನ್ನು ಕೈಹಿಡಿದು ತಂದು ಸೇರಿಸುವ ತಂದೆತಾಯಿಗಳಿದ್ದರು. ಬೆನ್ನಿಗೆ ಯಾರೂ ಇಲ್ಲದೆ, ಸ್ಥಾಪಕನ ಸ್ವಂತ ಸಮುದಾಯದ ವಿರೋಧವನ್ನೇ ಎದುರು ಹಾಕಿಕೊಂಡು, ಆ ಸಮುದಾಯಕ್ಕೆ ಸೇರದ ಮಕ್ಕಳಿಗಾಗಿ ತೆರೆದ ಶಾಲೆಯೆಂಬ ಕಾರಣಕ್ಕೆ ಡಿ.ಸಿ.ಎಂ.ನ ಹುಟ್ಟು ಇವುಗಳಿಗಿಂತ ಬೇರೆಯಾಗಿ ನಿಲ್ಲುತ್ತದೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಈಗ ಕೇರಳಕ್ಕೆ ಸೇರಿರುವ ಕಾಸರಗೋಡಿನ ಕುದ್ಮುಲಿನಲ್ಲಿ, ಒಂದು ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಹೊತ್ತು ಹದಿಹರೆಯದಲ್ಲೇ ಮಂಗಳೂರಿಗೆ ಬಂದ ಅವರು ಮೊದಲು ಶಾಲಾ ಮಾಸ್ತರರಾಗಿ ದುಡಿದು, ದುಡಿಯುತ್ತಲೇ ಓದಿ, ವಕೀಲರಾದರು. ಬಡವರ ವ್ಯಾಜ್ಯಗಳನ್ನು ನಡೆಸಿಕೊಡುವ ಪ್ರಾಮಾಣಿಕ ವಕೀಲರೆಂದು ಹೆಸರಾದರು. ಈ ಎರಡು ವೃತ್ತಿಗಳೂ ಮುಂದಿನ ಕೆಲಸಕ್ಕೆ ಒದಗಿದವು ಎಂದು ನನ್ನ ಎಣಿಕೆ. ಮಾಸ್ತರನಾಗಿದ್ದವನಿಗೆ ಹಾಜರಿ ಪುಸ್ತಕದಲ್ಲಿ ಯಾವ ಹೆಸರುಗಳು ಬರುತ್ತಿಲ್ಲ ಎಂಬುದು ಗೊತ್ತಿರುತ್ತದೆ. ವಕೀಲನಾಗಿದ್ದವನಿಗೆ ನೆಲವನ್ನು ಹೇಗೆ ಕೇಳಬೇಕು, ಸರ್ಕಾರಕ್ಕೆ ಹೇಗೆ ಬರೆಯಬೇಕು, ಅಧಿಕಾರಿಯ ಎದುರು ಎಲ್ಲಿಯವರೆಗೆ ಪಟ್ಟು ಬಿಡದೆ ನಿಲ್ಲಬಹುದು ಎಂಬುದು ಗೊತ್ತಿರುತ್ತದೆ.

ಅವರ ಮನಸ್ಸನ್ನು ತಿರುಗಿಸಿದ್ದು ಬ್ರಹ್ಮಸಮಾಜ. ಮಂಗಳೂರಿನಲ್ಲಿ ಅದರ ಶಾಖೆ 1870ರಲ್ಲಿ ಆರಂಭವಾದದ್ದರ ಹಿಂದೆ ಬಿಲ್ಲವರ ಮುಂದಾಳಾಗಿದ್ದ ಅರಸಪ್ಪನವರ ಒತ್ತಾಸೆ ಇತ್ತು. ದೇವಸ್ಥಾನದ ಒಳಗೆ ಪ್ರವೇಶವಿಲ್ಲದ ಸಮುದಾಯವೊಂದು ತನಗೆ ಘನತೆಯಿರುವ ಉಪಾಸನೆಯ ಜಾಗವನ್ನು ಹುಡುಕುತ್ತಿದ್ದಾಗ ಬ್ರಹ್ಮಸಮಾಜ ಈ ಊರಿಗೆ ಬಂತು ಎಂಬುದನ್ನು ನಾವು ಮರೆಯಬಾರದು. ಮುಂದೆ ಉಳ್ಳಾಲ ರಘುನಾಥಯ್ಯನವರಂಥ ಸಾರಸ್ವತ ಹಿರಿಯರು ಅದನ್ನು ಮುನ್ನಡೆಸಿದರು. ರಂಗರಾಯರು ಅವರ ಒಡನಾಟದಲ್ಲಿ ಬೆಳೆದವರು. ಜಾತಿಭೇದ ತಪ್ಪು ಎಂದು ಪ್ರಾರ್ಥನೆಯ ಸಭೆಯಲ್ಲಿ ಹೇಳುವವರು ಆಗಲೂ ಇದ್ದರು. ಆ ಮಾತನ್ನು ಸಭೆಯಿಂದ ಹೊರಗೆ ತಂದು ಬಾಡಿಗೆ ಚೀಟಿ, ಸಂಬಳ, ಗಂಜಿ, ಪಾಟಿಗಳ ಲೆಕ್ಕವಾಗಿ ಮಾರ್ಪಡಿಸಿದ್ದು ರಂಗರಾಯರ ಹೆಚ್ಚಳ.

ಅವರನ್ನು ಈ ಕೆಲಸಕ್ಕೆ ಎಳೆದ ಒಂದು ಪ್ರಸಂಗವನ್ನು ಮಂಗಳೂರಿನಲ್ಲಿ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಬೆಂದೂರಿನ ಬಾಬು ಎಂಬ ದಲಿತ ಯುವಕ ಅಲ್ಪಸ್ವಲ್ಪ ಓದು ಕಲಿತು ಕೋರ್ಟಿನಲ್ಲಿ ಜವಾನನ ಕೆಲಸಕ್ಕೆ ಸೇರಿದಾಗ, ಅವನ ಜತೆ ಕೆಲಸ ಮಾಡುವುದಿಲ್ಲವೆಂದು ಮೇಲುಜಾತಿಯವರು ಗಲಾಟೆ ಎಬ್ಬಿಸಿದರಂತೆ. ಅದೇ ಕೋರ್ಟಿನಲ್ಲಿ ವಕೀಲರಾಗಿದ್ದ ರಂಗರಾಯರು ಅದನ್ನು ಕಣ್ಣಾರೆ ಕಂಡರೆಂದು ಈ ಕತೆ ಹೇಳುತ್ತದೆ. ಬಾಯಿಂದ ಬಾಯಿಗೆ ಬಂದ ಕತೆಯೆಂದೇ ಇದನ್ನು ತೆಗೆದುಕೊಳ್ಳೋಣ; ಆದರೂ ಇದರಲ್ಲಿ ಒಂದು ತಿಳಿವಳಿಕೆ ಅಡಗಿದೆ. ಒಬ್ಬನೇ ಕಲಿತು ಒಳಗೆ ಬಂದರೆ ಅವನನ್ನು ಹೊರಗೆ ಹಾಕುವುದು ಸುಲಭ. ಊರಿನ ಒಂದೊಂದು ಕೇರಿಯಿಂದಲೂ ಹತ್ತಾರು ಮಕ್ಕಳು ಕಲಿತು ಬಂದರೆ ಅವರೆಲ್ಲರನ್ನೂ ಹೊರಗೆ ನಿಲ್ಲಿಸುವುದು ಸುಲಭವಲ್ಲ.

ಚಿಲಿಂಬಿಯ ಶಾಲೆ ನಡೆದದ್ದು ಬಾಡಿಗೆಯ ಕಟ್ಟಡದಲ್ಲಿ. ಸುತ್ತಲಿನವರ ವಿರೋಧ ಜೋರಾಗಿ ಅದು ಅಲ್ಲಿ ಉಳಿಯಲಿಲ್ಲ. ಮುಂದೆ ಕಂಕನಾಡಿಯಲ್ಲಿ ತೆರೆದಾಗಲೂ ಅಂಥದ್ದೇ ವಿರೋಧ ಎದುರಾಯಿತು. ಚಿಲಿಂಬಿ ಪಟ್ಟಣದ ಉತ್ತರದಲ್ಲಿ, ಕಂಕನಾಡಿ ಇನ್ನೊಂದು ಬದಿಯಲ್ಲಿ. ಈ ಎರಡರ ನಡುವಿನ ದೂರವನ್ನು ಮಂಗಳೂರನ್ನು ಬಲ್ಲ ನೀವು ಊಹಿಸಬಲ್ಲಿರಿ. ಶಾಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದಾಗ ಅದೇ ಮಕ್ಕಳು ಅದರ ಹಿಂದೆ ಹೋಗಲಾರರು. ಹಾಗಾಗಿ ಪ್ರತಿಯೊಂದು ಸ್ಥಳಾಂತರವೂ ಮತ್ತೆ ಮೊದಲಿನಿಂದ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುವ ಕೆಲಸವಾಯಿತು. ಬಾಡಿಗೆಯ ಗೋಡೆಗಳ ನಡುವೆ ಇಂಥ ಶಾಲೆ ನಿಲ್ಲಲಾರದು ಎಂಬ ಪಾಠವನ್ನು ಈ ವರ್ಷಗಳು ಕಲಿಸಿದವು. ಕೊನೆಗೆ ಕೋರ್ಟುಗುಡ್ಡದ ಬದಿಯಲ್ಲಿ, ಶೇಡಿಗುಡ್ಡೆಯಲ್ಲಿ, ಸಂಸ್ಥೆಗೆ ನೆಲೆ ಸಿಕ್ಕಿತು. ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲೇ, ಪಟ್ಟಣದ ನಡುವೆಯೇ ಆ ನೆಲೆ ಇತ್ತು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಊರ ಹೊರಗಿನ ಕೇರಿಯಲ್ಲಿ ಬದುಕುವವರೆಂದು ಎಣಿಸಲಾಗಿದ್ದವರ ಮಕ್ಕಳು ಪ್ರತಿದಿನ ಊರ ನಡುವಿಗೆ ನಡೆದು ಬಂದರು.

ಇಲ್ಲಿ ಮದರಾಸು ಸರ್ಕಾರದ ಪಾತ್ರವನ್ನೂ ಹೇಳಬೇಕು. ಚೆಂಗಲಪಟ್ಟಿನ ಕಲೆಕ್ಟರ್ ಆಗಿದ್ದ ಟ್ರೆಮೆನ್‌ಹಿಯರ್ ಎಂಬ ಅಧಿಕಾರಿ ತನ್ನ ಜಿಲ್ಲೆಯ ದಲಿತರ ಸ್ಥಿತಿಯ ಬಗ್ಗೆ ಬರೆದ ವರದಿ 1892ರಲ್ಲಿ ಸರ್ಕಾರದ ಮುಂದೆ ಬಂತು. ಮರುವರ್ಷ ಸರ್ಕಾರ ಪಂಚಮರ, ಅಂದರೆ ಆಗಿನ ಸರ್ಕಾರಿ ಮಾತಿನಲ್ಲಿ ದಲಿತರ, ಶಿಕ್ಷಣದ ಕುರಿತು ಒಂದು ಆದೇಶ ಹೊರಡಿಸಿ, ಪಂಚಮ ಶಾಲೆಗಳಿಗೆ ನೆರವು, ಶಿಕ್ಷಕರಾಗಿ ತರಬೇತು ಪಡೆಯುವ ಪಂಚಮ ಯುವಕರಿಗೆ ವಿದ್ಯಾರ್ಥಿವೇತನ ಮುಂತಾದ ಅನುಕೂಲಗಳನ್ನು ಪ್ರಕಟಿಸಿತು. ಕಾಲಕ್ರಮವನ್ನು ಗಮನಿಸಿ: ಆದೇಶ 1893ರದ್ದು, ಚಿಲಿಂಬಿಯ ಶಾಲೆ 1892ರದ್ದು. ಆದೇಶ ಬಂದ ಮೇಲೆ ಅನುದಾನಕ್ಕಾಗಿ ತೆರೆದ ಶಾಲೆ ಇದಲ್ಲ. ಆದರೆ ಆದೇಶ ಬಂದದ್ದರಿಂದ ಇಂಥ ಶಾಲೆಯನ್ನು ನಡೆಸುವವರ ಕೈಗೆ ಒಂದು ಆಸರೆ ಸಿಕ್ಕಿತು. ಪ್ರಾಂತ್ಯದಾದ್ಯಂತ ಆ ಅನುಕೂಲಗಳನ್ನು ಹೆಚ್ಚಾಗಿ ಬಳಸಿಕೊಂಡವರು ಮಿಶನರಿಗಳು. ಧರ್ಮಾಂತರದ ಉದ್ದೇಶವಿಲ್ಲದೆ ಅದೇ ಕೆಲಸವನ್ನು ಕೈಗೆತ್ತಿಕೊಂಡ ಸ್ಥಳೀಯ ಸಂಸ್ಥೆಗಳು ಆಗ ಅಪರೂಪವಾಗಿದ್ದವು.

ನೆಲೆ ಸಿಕ್ಕಿದ ಮೇಲೆ ಕಲಿಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ಈ ಮಕ್ಕಳ ನಡುವೆ ಕುಳಿತು, ಅವರ ಪಾಟಿ ಮುಟ್ಟಿ, ಕೈಹಿಡಿದು ಅಕ್ಷರ ತಿದ್ದಿಸಲು ಮೇಲುಜಾತಿಯ ಮಾಸ್ತರರು ಮುಂದೆ ಬರಲಿಲ್ಲ. ರಂಗರಾಯರು ಕ್ರೈಸ್ತ ಶಿಕ್ಷಕರನ್ನು ನೇಮಿಸಿದರು. ಕರಾವಳಿಯ ಸಂದರ್ಭವನ್ನು ಅರಿತವರಿಗೆ ಈ ನೇಮಕದ ಇನ್ನೊಂದು ಗುಣವೂ ತಿಳಿಯುತ್ತದೆ. ಶಾಲೆಯ ಭಾಷೆ ಕನ್ನಡ, ಮಕ್ಕಳ ಮನೆಯ ಭಾಷೆ ತುಳು. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬೆಳೆದ ಕ್ರೈಸ್ತರಲ್ಲಿ ತುಳು ಮನೆಮಾತಾಗಿದ್ದವರು ಬಹಳ. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದೇ ಆ ಮಿಶನ್ನು. ತುಳುವಿನಲ್ಲಿ ಮಾತಾಡಿಸಿ ಕನ್ನಡದಲ್ಲಿ ಬರೆಯಿಸುವುದು ಅಂಥವರಿಗೆ ಅಭ್ಯಾಸವಾಗಿದ್ದ ಕೆಲಸ. ಹಿಂದೂ ಸುಧಾರಕನೊಬ್ಬ ಕ್ರೈಸ್ತ ಶಿಕ್ಷಕರನ್ನು ಇಟ್ಟುಕೊಂಡು ದಲಿತ ಮಕ್ಕಳಿಗೆ ಶಾಲೆ ನಡೆಸಿದ ಈ ಏರ್ಪಾಡು, ಒಬ್ಬರನ್ನೊಬ್ಬರು ಸಂಶಯದಿಂದ ನೋಡುವ ಇಂದಿನ ವಾತಾವರಣದಲ್ಲಿ ನಿಂತು ನೋಡುವ ನನಗೆ ಬಹಳ ದೊಡ್ಡ ಆಸ್ತಿಯಾಗಿ ಕಾಣುತ್ತದೆ.

ಇಷ್ಟಾದರೂ ಮಕ್ಕಳು ಬರಲಿಲ್ಲ, ಬಂದವರು ನಿಲ್ಲಲಿಲ್ಲ. ಇದರ ಕಾರಣ ತಿಳಿಯಬೇಕಾದರೆ ಆ ಕಾಲದ ದಕ್ಷಿಣ ಕನ್ನಡದ ಬೇಸಾಯವನ್ನು ತಿಳಿಯಬೇಕು. ಏಣೇಲು, ಸುಗ್ಗಿ, ಕೊಳಕೆ ಎಂದು ನೀರಿರುವ ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುವ ನಾಡು ಇದು. ಗದ್ದೆಯಲ್ಲಿ ದುಡಿಯುತ್ತಿದ್ದವರಲ್ಲಿ ಅನೇಕರು ಒಡೆಯನ ಮನೆಗೆ ತಲೆತಲಾಂತರದಿಂದ ಕಟ್ಟುಬಿದ್ದ ಮೂಲದಾಳುಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರಲ್ಲೇ ತೆಗೆದುಹಾಕಲಾಗಿತ್ತು. ಆದರೆ ಮದುವೆಗೆಂದೋ ಮರಣಕ್ಕೆಂದೋ ಪಡೆದ ಸಾಲ, ಒಡೆಯನ ನೆಲದಲ್ಲೇ ಕಟ್ಟಿಕೊಂಡ ಗುಡಿಸಲು, ಕೂಲಿಯಾಗಿ ಅಳೆದು ಕೊಡುವ ಅಕ್ಕಿ ಅಥವಾ ಭತ್ತ, ಇವೆಲ್ಲ ಸೇರಿ ಅದೇ ಕಟ್ಟನ್ನು ಉಳಿಸಿಕೊಂಡಿದ್ದವು. ಇಂಥ ಮನೆಯಲ್ಲಿ ಏಳೆಂಟು ವರ್ಷದ ಹುಡುಗ ಒಡೆಯನ ದನ ಮೇಯಿಸುತ್ತಾನೆ. ಅವನ ಮಧ್ಯಾಹ್ನದ ಗಂಜಿ ಒಡೆಯನ ಮನೆಯ ಅಂಗಳದಲ್ಲಿ ಸಿಗುತ್ತದೆ. ಅವನ ಅಕ್ಕ ನೇಜಿ ನೆಡಲು ಹೋಗುತ್ತಾಳೆ, ಇಲ್ಲವೇ ಎಳೆಯ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರುತ್ತಾಳೆ. ಶಾಲೆಗೆ ಶುಲ್ಕವಿಲ್ಲ ಎಂದು ಹೇಳಿದರೆ ಆ ತಾಯಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ಮಗನನ್ನು ಶಾಲೆಗೆ ಕಳಿಸುವ ದಿನ ಅವಳು ಒಂದು ಹೊತ್ತಿನ ಊಟವನ್ನೂ, ಬಹುಶಃ ಒಡೆಯನ ಒಲವನ್ನೂ ಕಳೆದುಕೊಳ್ಳುತ್ತಾಳೆ. ಒಡೆಯ ಮುನಿದರೆ ಗುಡಿಸಲು ಕೀಳಬೇಕಾಗುತ್ತದೆ.

ಇದನ್ನು ಅರ್ಥಮಾಡಿಕೊಂಡದ್ದೇ ಈ ಸಂಸ್ಥೆಯ ನಿಜವಾದ ಸ್ಥಾಪನೆ ಎಂದು ನಾನು ಎಣಿಸುತ್ತೇನೆ. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನ ಊಟ ಕೊಟ್ಟರು. ದಿನಕ್ಕೆ 2 ಪೈಸೆ ಕೈಯಲ್ಲಿಟ್ಟು ಕಳಿಸಿದರು. ಆಗಿನ ಲೆಕ್ಕದಲ್ಲಿ 2 ಪೈಸೆ ಎಂದರೆ ಅರ್ಧ ಆಣೆ. ಅದನ್ನು ಪುಸಲಾವಣೆಯೆಂದೋ ದಾನವೆಂದೋ ಕರೆಯುವವರು ಇರಬಹುದು. ನಾನು ಅದನ್ನು ಮಗುವಿನ ಹೊತ್ತಿಗೆ ಬೆಲೆಯಿದೆಯೆಂದು ಒಪ್ಪಿಕೊಂಡ ಲೆಕ್ಕಾಚಾರವೆಂದೇ ಓದುತ್ತೇನೆ. ಒಡೆಯನ ಮನೆಯಲ್ಲಿ ಆ ಹೊತ್ತಿಗೆ ಒಂದು ಬೆಲೆ ಇತ್ತು. ಶಾಲೆ ಆ ಬೆಲೆಯನ್ನು ತಾನೇ ತೆತ್ತು ಆ ಹೊತ್ತನ್ನು ಮಗುವಿಗೆ ಬಿಡಿಸಿಕೊಟ್ಟಿತು. ಮದರಾಸು ನಗರಪಾಲಿಕೆ ತನ್ನ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿದ್ದು 1920ರಲ್ಲಿ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆ ಉತ್ತರದ 7 ಜಿಲ್ಲೆಗಳಲ್ಲಿ ಶುರುವಾದದ್ದು 2002ರಲ್ಲಿ. ಹಸಿದ ಮಗು ಕಲಿಯಲಾರದು ಎಂಬುದು ಸರ್ಕಾರದ ಕಡತಗಳಿಗೆ ಏರಲು ಎಷ್ಟೊಂದು ಕಾಲ ಬೇಕಾಯಿತು ಎಂದು ನೆನೆದಾಗ, ಒಬ್ಬ ವಕೀಲ ತನ್ನ ದುಡಿಮೆಯಿಂದಲೂ ಸ್ನೇಹಿತರ ನೆರವಿನಿಂದಲೂ ಇದನ್ನು ನಡೆಸಿದನೆಂಬುದರ ತೂಕ ತಿಳಿಯುತ್ತದೆ.

ಶಾಲೆ ಬೆಳೆದಂತೆ ಬೋಳೂರು, ಅತ್ತಾವರ, ದಡ್ಡಲಕಾಡು, ಮುಂದೆ ಮೂಲ್ಕಿ, ಉಡುಪಿ, ನೇಜಾರು ಮುಂತಾದ ಕಡೆಗಳಲ್ಲಿ ಶಾಖೆಗಳು ತೆರೆದವು. ಕೇರಿ ಇದ್ದಲ್ಲಿಗೆ ಶಾಲೆ ಹೋಗಬೇಕು ಎಂಬುದು ಚಿಲಿಂಬಿ ಮತ್ತು ಕಂಕನಾಡಿಗಳ ಅನುಭವದಿಂದಲೇ ಬಂದ ಅರಿವು. ದೂರದ ಹಳ್ಳಿಯ ಮಕ್ಕಳಿಗೆ ವಸತಿಯ ಏರ್ಪಾಡೂ ಆಯಿತು. ಇಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ನಾಲ್ಕಕ್ಷರ ಕಲಿತ ಹುಡುಗ ಮುಂದೆ ಏನು ಮಾಡಬೇಕು? ಮತ್ತೆ ಅದೇ ಒಡೆಯನ ಗದ್ದೆಗೆ ಇಳಿಯುವುದಾದರೆ ಕಲಿತದ್ದು ಮರೆತುಹೋಗುತ್ತದೆ, ಅವನನ್ನು ನೋಡಿದ ನೆರೆಮನೆಯವರು ತಮ್ಮ ಮಕ್ಕಳನ್ನು ಕಳಿಸುವುದಿಲ್ಲ. ಆದ್ದರಿಂದ ನೇಯ್ಗೆ, ಬಡಗಿ ಕೆಲಸ, ತೋಟಗಾರಿಕೆ, ರೇಷ್ಮೆಹುಳು ಸಾಕಣೆಯಂಥ ಕಸುಬುಗಳ ಶಿಕ್ಷಣ ಸೇರಿತು. ಈ ಭಾಗವನ್ನು ಕೆಲವರು ಟೀಕಿಸುವುದುಂಟು: ದಲಿತ ಮಕ್ಕಳಿಗೆ ಕಸುಬು, ಉಳಿದವರಿಗೆ ಉನ್ನತ ವಿದ್ಯೆ ಎಂಬ ತಾರತಮ್ಯ ಇದರಲ್ಲಿಯೂ ಉಳಿಯಿತಲ್ಲವೇ ಎಂದು. ಆ ಪ್ರಶ್ನೆ ನ್ಯಾಯವಾದದ್ದು, ಕೈಮಗ್ಗದ ಶಿಕ್ಷಣವನ್ನು ಹೊಗಳುವಾಗಲೆಲ್ಲ ಅದನ್ನು ಎದುರಿಗಿಟ್ಟುಕೊಳ್ಳಲೇಬೇಕು. ಆದರೆ ಜಾತಿ ಕಟ್ಟಿಕೊಟ್ಟ ದುಡಿಮೆಯಿಂದ ಹೊರಗೆ ಬಂದು, ಮಗ್ಗವನ್ನೋ ಉಳಿಯನ್ನೋ ಹಿಡಿದು, ನಗದು ಕೂಲಿ ಎಣಿಸಿಕೊಳ್ಳುವುದು ಆ ಕಾಲದಲ್ಲಿ ಒಡೆಯನ ಅಂಗಳವನ್ನು ಬಿಟ್ಟುಬರುವ ಒಂದು ದಾರಿಯಾಗಿತ್ತು. ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯೂ ಹೆಂಚಿನ ಕಾರ್ಖಾನೆಗಳೂ ಇದ್ದುದರಿಂದ ಕಸುಬು ಕಲಿತವನಿಗೆ ಊರಲ್ಲೇ ಕೆಲಸ ಸಿಗುವ ಸಾಧ್ಯತೆಯೂ ಇತ್ತು.

ಕೂಲಿಯಿಂದ ಬಿಡಿಸಿದರೂ ಗುಡಿಸಲು ಒಡೆಯನ ನೆಲದಲ್ಲಿದ್ದರೆ ಕಟ್ಟು ಕಳಚುವುದಿಲ್ಲ. ಆದ್ದರಿಂದ ಶಾಲೆಯ ಸಂಸ್ಥೆಯೇ ನೆಲದ ಪ್ರಶ್ನೆಗೂ ಕೈಹಾಕಬೇಕಾಯಿತು. ರಂಗರಾಯರು ಸರ್ಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳು ಸ್ವಂತ ಮನೆ ಕಟ್ಟಿಕೊಂಡು ನೆಲೆಸುವಂತೆ ಮಾಡಿದರು. ಕೇವಲ ಮನೆ ನಿವೇಶನದ ಕತೆಯಾಗಿ ಇದನ್ನು ನೋಡಿದರೆ ಶಾಲೆಗೂ ಇದಕ್ಕೂ ಇರುವ ನಂಟು ತಪ್ಪಿಹೋಗುತ್ತದೆ. ತನ್ನ ನೆಲದಲ್ಲಿ ನಿಂತ ತಂದೆಗೆ ಮಗನನ್ನು ದನದ ಹಿಂದೆ ಕಳಿಸುವುದಿಲ್ಲ ಎಂದು ಹೇಳುವ ಧೈರ್ಯ ಬರುತ್ತದೆ. ಮದರಾಸು ಸರ್ಕಾರ ದಲಿತರ ಹಿತಕ್ಕಾಗಿ ಲೇಬರ್ ಕಮಿಶನರನ್ನು ನೇಮಿಸಿ, ನಿವೇಶನ, ಬಾವಿ, ಶಾಲೆಗಳನ್ನು ಒಂದೇ ಇಲಾಖೆಯ ಕೆಲಸವಾಗಿ ಕೈಗೆತ್ತಿಕೊಂಡದ್ದು 1919ರ ನಂತರ. ಅದಕ್ಕೂ ಎಷ್ಟೋ ಮೊದಲೇ ಈ ಮೂರೂ ಒಂದೇ ಪ್ರಶ್ನೆಯ ಮುಖಗಳೆಂದು ಮಂಗಳೂರಿನ ಈ ಸಣ್ಣ ಸಂಸ್ಥೆ ತನ್ನ ಕೆಲಸದ ನಡುವೆ ಕಂಡುಕೊಂಡಿತ್ತು.

ಕಲಿತವರು ಕಲಿಸುವವರಾದದ್ದು ಈ ಚರಿತ್ರೆಯ ಬಹಳ ಸಂತೋಷದ ಭಾಗ. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಎರಡು ಹೆಸರುಗಳು ನಮಗೆ ಉಳಿದುಬಂದಿವೆ. ದಲಿತ ಸಮುದಾಯದಿಂದಲೇ ಬಂದ ಇವರು ಸ್ಥಳೀಯ ಆಡಳಿತ ಸಂಸ್ಥೆಗಳಲ್ಲಿ ಸದಸ್ಯರಾಗಿ ಕುಳಿತರು. ಅದಕ್ಕೆ ರಂಗರಾಯರ ಪ್ರಯತ್ನ ಕಾರಣವಾಗಿತ್ತು. ದಲಿತರ ಪರವಾಗಿ ತಾನೇ ಮಾತಾಡುವ ಅವಕಾಶ ಇದ್ದಾಗಲೂ ಆ ಕುರ್ಚಿಗೆ ಅವರನ್ನೇ ಕಳಿಸಿದ ಈ ನಡೆಯನ್ನು, ರಂಗರಾಯರ ಎಲ್ಲ ಕೆಲಸಗಳಲ್ಲಿ ಬಹಳ ದೂರದೃಷ್ಟಿಯದ್ದೆಂದು ನಾನು ಗೌರವಿಸುತ್ತೇನೆ. ಮಾಸ್ತರ್ ಎಂಬುದು ಆಗ ಊರಿನ ದೊಡ್ಡ ಮರ್ಯಾದೆಯ ಪದವಿ. ನಿನ್ನೆಯವರೆಗೆ ಹೆಸರು ಹಿಡಿದೋ, ಅದಕ್ಕಿಂತ ಕೀಳಾಗಿಯೋ ಕರೆಯಲ್ಪಡುತ್ತಿದ್ದ ಮನೆತನದವರೊಬ್ಬರನ್ನು ಊರು ಮಾಸ್ತರ್ ಎಂದು ಕರೆಯಬೇಕಾಗಿ ಬಂದಾಗ ಆ ಕೇರಿಯ ಉಳಿದ ಮಕ್ಕಳ ಮನಸ್ಸಿನಲ್ಲಿ ಏನಾಗಿರಬೇಕೆಂಬುದನ್ನು ಸ್ವಲ್ಪ ಯೋಚಿಸಿ ನೋಡಿ.

ಇದಕ್ಕೆಲ್ಲ ರಂಗರಾಯರ ಮನೆ ತೆತ್ತ ಬೆಲೆಯೂ ಸಣ್ಣದಲ್ಲ. ಅವರ ಜಾತಿಯವರು ಅವರನ್ನು ದೂರವಿಟ್ಟರು. ಕ್ಷೌರಿಕರು, ಅಗಸರು ಆ ಮನೆಗೆ ಬಾರದಂತಾಯಿತು. ಹೆಂಡತಿ ರುಕ್ಮಿಣಿಯಮ್ಮನವರೂ ಮಕ್ಕಳೂ ಆ ಬಹಿಷ್ಕಾರದೊಳಗೇ ದಿನ ಕಳೆದರು. ಹೊರಗಿನ ಲೋಕ ಗೌರವಿಸಿದ ಮೇಲೆ ಸುಧಾರಕನ ಕಷ್ಟವನ್ನು ನಾವು ಹಾಡಿ ಹೊಗಳುತ್ತೇವೆ. ಬಾವಿಯಿಂದ ನೀರು ಸೇದಿ, ಬಟ್ಟೆ ಒಗೆದು, ನೆಂಟರಿಲ್ಲದ ಹಬ್ಬಗಳನ್ನು ಮಾಡಿದ ಹೆಂಗಸಿನ ಕಷ್ಟ ಆ ಹೊಗಳಿಕೆಯಲ್ಲಿ ಸೇರುವುದು ಕಡಿಮೆ. ಅವರ ಮಗಳು ರಾಧಾಬಾಯಿ, ಚಿಲಿಂಬಿಯ ಶಾಲೆ ತೆರೆಯುವ ಮುಂಚಿನ ವರ್ಷ, 1891ರಲ್ಲಿ ಹುಟ್ಟಿದವರು. ಆಕೆ ಮುಂದೆ ಬೇರೆ ಜಿಲ್ಲೆ, ಬೇರೆ ಜಾತಿ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. ಸುಬ್ಬರಾಯನ್ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಗಳಾಗಿದ್ದವರು. ಮೊಮ್ಮಗ ಜನರಲ್ ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು. ಈ ಸಂಗತಿಗಳು ಹೆಮ್ಮೆಯವೇ, ಆದರೆ ಶಾಲೆಯ ಚರಿತ್ರೆಯನ್ನು ಬಿಟ್ಟು ಇವುಗಳ ಹಿಂದೆ ಹೋಗುವುದು ಇಂದು ಬೇಡ.

ಈ ಕೆಲಸವನ್ನು ದೇಶದ ಭೂಪಟದ ಮೇಲೆ ಇಟ್ಟು ನೋಡಿದಾಗ ಅದರ ಜಾಗ ಸ್ಪಷ್ಟವಾಗುತ್ತದೆ. ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು 1850ರ ಆಸುಪಾಸಿನಲ್ಲೇ ಹೆಣ್ಣುಮಕ್ಕಳಿಗೂ ದಲಿತರಿಗೂ ಶಾಲೆಗಳನ್ನು ನಡೆಸಿದ್ದರು. ಆ ಹಿರಿತನ ಅವರದ್ದೇ. ನಮ್ಮ ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ, ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದು 1906ರ ಅಕ್ಟೋಬರಿನಲ್ಲಿ. ಆಗ ಮಂಗಳೂರಿನ ಸಂಸ್ಥೆಗೆ 9 ವರ್ಷ ವಯಸ್ಸು. ಹರಿಜನ ಸೇವಕ ಸಂಘ ಹುಟ್ಟಿದ್ದು 1932ರಲ್ಲಿ, ಅಂದರೆ ಇನ್ನೂ 26 ವರ್ಷ ತಡವಾಗಿ. ಗಾಂಧೀಜಿಯವರು ತಮ್ಮ ಹರಿಜನ ಪ್ರವಾಸದಲ್ಲಿ 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಾಗ, ರಂಗರಾಯರು ತೀರಿಕೊಂಡು 6 ವರ್ಷಗಳಾಗಿದ್ದವು; ಅವರು ಬಂದ ಊರಿನಲ್ಲಿ ಆ ಕೆಲಸಕ್ಕೆ ಆಗಲೇ ಒಂದು ತಲೆಮಾರು ಮೀರಿದ ವಯಸ್ಸಾಗಿತ್ತು.

ಒಬ್ಬರೇ ಕಟ್ಟಿದ ಸಂಸ್ಥೆ ಅವರ ನಂತರ ಏನಾಗುತ್ತದೆ ಎಂಬ ಚಿಂತೆ ರಂಗರಾಯರಿಗೆ ಇತ್ತು. ಆರೋಗ್ಯ ಕುಂದಿದ ಕಡೆಗಾಲದಲ್ಲಿ ಅವರು ಸಂಸ್ಥೆಯನ್ನು ಮಕ್ಕಳಿಗಾಗಲಿ ನೆಂಟರಿಗಾಗಲಿ ಬಿಡದೆ, ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ) ಒಪ್ಪಿಸಿದರು. 1927ರಲ್ಲಿ ಸನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ದೇಹವನ್ನು ದಲಿತರೇ ಹೊರಬೇಕು, ಅಂತ್ಯಕ್ರಿಯೆಯನ್ನು ಅವರೇ ಮಾಡಬೇಕು ಎಂಬುದು ಅವರ ಬಯಕೆಯಾಗಿತ್ತು, ಹಾಗೆಯೇ ನಡೆಯಿತು. ತನ್ನ ಶಾಲೆಯಲ್ಲಿ ಕಲಿತ ಮಗು ಸರ್ಕಾರದ ದೊಡ್ಡ ಹುದ್ದೆಗೆ ಏರಿ, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಬದುಕು ಸಾರ್ಥಕವೆಂದು ಅವರು ಹೇಳಿದ ಮಾತು ಅವರ ಸಮಾಧಿಯ ಜತೆಗೇ ನೆನಪಾಗುತ್ತದೆ. ಈ ಮಾತನ್ನು ಉದ್ಧರಿಸದ ಸಭೆ ಮಂಗಳೂರಿನಲ್ಲಿ ಇಲ್ಲ. ನಾನು ಅದರಲ್ಲಿ ಗಮನಿಸುವುದು ಹುದ್ದೆ ಮತ್ತು ಕಾರುಗಳನ್ನು. ಕಲಿತ ಮಗು ಸಜ್ಜನನಾಗಲಿ, ಕೃತಜ್ಞನಾಗಿರಲಿ ಎಂದು ಅವರು ಹಾರೈಸಲಿಲ್ಲ. ಅಧಿಕಾರದ ಜಾಗಕ್ಕೆ ಹೋಗಲಿ ಎಂದು ಹಾರೈಸಿದರು.

ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದ ಆ ನಿರ್ಧಾರದಿಂದ ಕರಾವಳಿಗೆ ಇನ್ನೊಂದು ನಂಟೂ ಬೆಳೆಯಿತು. ಅದೇ ಸಮಾಜದ ಸದಸ್ಯರಾಗಿ ದುಡಿದ ದಿನಕರ ದೇಸಾಯಿಯವರು, ಉತ್ತರ ಕನ್ನಡದ ರೈತರ ಹೋರಾಟದಲ್ಲಿ ನಿಂತು, ಸರ್ಕಾರದಿಂದ ಗಡೀಪಾರಾಗಿ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಅಂಕೋಲೆಯ ಸುತ್ತಮುತ್ತ ಶಾಲೆಗಳನ್ನು ಕಟ್ಟಿದರು. ಗೇಣಿದಾರನ ಮತ್ತು ಕೂಲಿಕಾರನ ಮಗು ಶಾಲೆಗೆ ಬರಬೇಕಾದರೆ ನೆಲದ ಪ್ರಶ್ನೆಯನ್ನು ಬಿಟ್ಟು ಶಾಲೆಯ ಪ್ರಶ್ನೆಯನ್ನು ಎತ್ತಲಾಗದು ಎಂಬ ಅದೇ ಅರಿವು ಅವರ ಕೆಲಸದಲ್ಲಿಯೂ ಕಾಣುತ್ತದೆ.

ಕಡೆಯದಾಗಿ ಒಂದು ಕೋರಿಕೆ. ಇಂದು ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರಿದೆ, ಹಾಸ್ಟೆಲಿಗೆ ಅವರ ಹೆಸರಿದೆ, ಅವರ ಬದುಕಿನ ಬಗ್ಗೆ ಬರಹಗಳಿವೆ. ಆ ಶಾಲೆಗಳಿಗೆ ಮಕ್ಕಳನ್ನು ಕಳಿಸಿದ ಮನೆಗಳ ಬಗ್ಗೆ ಬರೆದದ್ದು ಕಡಿಮೆ. ಒಡೆಯನ ಮುನಿಸನ್ನು ಎದುರು ಹಾಕಿಕೊಂಡು ಮೊದಲ ಬಾರಿಗೆ ಮಗನನ್ನೋ ಮಗಳನ್ನೋ ಕಳಿಸಿದ ತಾಯಂದಿರೂ ಈ ಸಂಸ್ಥೆಯ ಸ್ಥಾಪಕರೇ. ಅವರಿಲ್ಲದೆ ನೆಲೆ, ಮಾಸ್ತರು, ಗಂಜಿ ಎಲ್ಲ ಇದ್ದೂ ಶಾಲೆ ಇರುತ್ತಿರಲಿಲ್ಲ. ಬೋಳೂರಿನಿಂದ ನೇಜಾರಿನವರೆಗೆ ಡಿ.ಸಿ.ಎಂ. ಶಾಲೆಗಳಲ್ಲಿ ಅಜ್ಜ, ಅಜ್ಜಿ, ಮುತ್ತಜ್ಜರು ಕಲಿತ ಕುಟುಂಬಗಳು ಈಗಲೂ ಇವೆ. ಇಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳು ಆ ಮನೆಗಳಿಗೆ ಹೋಗಿ ಕೇಳಬೇಕು: ಯಾರು ಮೊದಲು ಹೋದರು, ಯಾವ ವರ್ಷ, ಯಾರು ಬೇಡವೆಂದರು, ಯಾರು ಹೋಗೆಂದರು, ಮಧ್ಯಾಹ್ನ ಏನು ಬಡಿಸುತ್ತಿದ್ದರು, ಮಾಸ್ತರರ ಹೆಸರೇನು, ಕಲಿತ ಮೇಲೆ ಎಲ್ಲಿ ಕೆಲಸ ಸಿಕ್ಕಿತು. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆದುಕೊಳ್ಳಬೇಕು. ಹಳೆಯ ಶಾಲೆಗಳ ಕಪಾಟುಗಳಲ್ಲಿ ಉಳಿದಿರುವ ದಾಖಲಾತಿ ಪುಸ್ತಕಗಳನ್ನೂ ಹಾಜರಿ ಪುಸ್ತಕಗಳನ್ನೂ ಗೆದ್ದಲು ತಿನ್ನುವ ಮೊದಲು ಹೊರಗೆ ತೆಗೆದು, ಪುಟಪುಟವಾಗಿ ಚಿತ್ರ ತೆಗೆದಿಡಬೇಕು. ಯಾರ ಮನೆಯಲ್ಲಾದರೂ ಆ ಶಾಲೆಯ ಪ್ರಮಾಣಪತ್ರವೋ, ಒಂದು ಫೋಟೋವೋ, ಅಜ್ಜನ ಕೈಬರಹದ ಕಾಗದವೋ ಇದ್ದರೆ ಅದನ್ನು ಜೋಪಾನವಾಗಿಡಿ, ಅದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.